ಅಪ್ಪ ಮಸೆದ ಕತ್ತಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಅಪ್ಪ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಮುಂದೆ ಎರಡು ಕಲ್ಲು, ಒಂದು ಚೊಂಬು ನೀರು, ಒಂದು ಕ್ಷೌರದ ಕತ್ತಿ ಇಟ್ಟುಕೊಂಡು ಮಸೆಯುವುದಕ್ಕೆ ಶುರು ಮಾಡಿದನೆಂದರೆ, ಒಳಗೆ ಅವ್ವ ಮುದ್ದೆಯ ಕೋಲು ಮಡಕೆಗೆ ತಾಗದಂತೆ ತಿರುವುತ್ತಿದ್ದಳು. ಕೋಳಿ ಜಗಲಿ ಹತ್ತಿದರೆ ನಾನು ಬಾಯಿಬಿಡದೆ ಕೈಬೀಸಿ ಓಡಿಸಬೇಕಿತ್ತು. ಕತ್ತಿ ಕಲ್ಲಿನ ಮೇಲೆ ಹೋಗುವಾಗ ಏನನ್ನುತ್ತದೆ ಎಂದು ಕೇಳಿಸಿಕೊಳ್ಳಬೇಕು, ಸದ್ದಿದ್ದರೆ ಕೇಳಿಸುವುದಿಲ್ಲ ಎಂದು ಅಪ್ಪನ ವಾದ. ಕತ್ತಿ ಏನೂ ಅನ್ನುತ್ತಿರಲಿಲ್ಲ. ಹೊತ್ತು ಮಾರುದ್ದ ಏರುವ ತನಕ ಮಸೆದು, ಒರೆಸಿ, ಮುಂಗೈ ಕೂದಲ ಮೇಲೆ ಎಳೆದು ನೋಡುತ್ತಿದ್ದ. ಕೂದಲು ಕತ್ತಿಯ ಕೆಳಗೆ ಬಗ್ಗಿ, ಅದು ದಾಟಿಹೋದ ಮೇಲೆ ಮತ್ತೆ ಎದ್ದು ನಿಲ್ಲುತ್ತಿತ್ತು. ಅಲ್ಲಿಂದ ಮಧ್ಯಾಹ್ನದವರೆಗೆ ಅವನ ಹತ್ತಿರ ಹೋಗುವ ಧೈರ್ಯ ನಮಗೆ ಯಾರಿಗೂ ಇರುತ್ತಿರಲಿಲ್ಲ.

ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿತ್ತು. ಊರು ಒಂದು ಕಡೆ, ದಲಿತರಾದ ನಮ್ಮ ಕೇರಿ ಇನ್ನೊಂದು ಕಡೆ, ನಡುವೆ ಪಟೇಲರ ಕಣ. ನಮ್ಮದು ಎರಡಂಕಣದ ಮನೆ. ಒಂದಂಕಣದಲ್ಲಿ ಒಲೆ, ರಾಗಿಕಲ್ಲು, ನೀರಿನ ಹರವಿ. ಇನ್ನೊಂದರಲ್ಲಿ ನಾವು ನಾಲ್ಕು ಜನ: ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಸಿದ್ದ. ಅಪ್ಪ ಪಟೇಲರ ಗದ್ದೆಯಲ್ಲಿ ಕೂಲಿಗೆ ಹೋಗುತ್ತಿದ್ದ. ಸಿದ್ದ ಚಿಕ್ಕಪ್ಪ ಮಿಡ್ಲ್ ಸ್ಕೂಲು ಮುಗಿಸಿ ಹೊಳೆನರಸೀಪುರದ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಊರಿನಲ್ಲಿ ಕ್ಷೌರ ಮಾಡುತ್ತಿದ್ದವರು ವೆಂಕಟಪ್ಪ. ಸುಗ್ಗಿಯಲ್ಲಿ ಮನೆಮನೆಯಿಂದ ಅವರಿಗೆ ರಾಗಿ, ಭತ್ತದ ಆಯ ಬರುತ್ತಿತ್ತು. ಅದೇ ಅವರ ವರ್ಷದ ಜೀವನ. ನಮ್ಮ ಕೇರಿಯವರ ತಲೆ, ಗಡ್ಡವನ್ನು ಅವರು ಮುಟ್ಟುತ್ತಿರಲಿಲ್ಲ. ಮುಟ್ಟಿದ ಕೈಗೆ ಊರವರು ಮುಖ ಕೊಡುತ್ತಿರಲಿಲ್ಲ. ನಮ್ಮವರಿಗೆಲ್ಲ ದೂರದ ನೆಂಟನಾದ ಒಬ್ಬ ಮುದುಕ ತಿಂಗಳಿಗೊಮ್ಮೆ ಕತ್ತಿ ಹಿಡಿದು ಬಂದು, ಹೊಂಗೆಮರದಡಿ ಸಾಲಾಗಿ ಕೂರಿಸಿ ಕ್ಷೌರ ಮಾಡಿ ಹೋಗುತ್ತಿದ್ದ. ಅವನು ತೀರಿಕೊಂಡ ಮೇಲೆ ಕೇರಿಯ ಗಂಡಸರ ಮುಖಗಳೆಲ್ಲ ಕುಯ್ದ ಗದ್ದೆಯ ಕೂಳೆಯಂತಾದವು. ಆಗ ಅಪ್ಪ ಹೊಳೆನರಸೀಪುರದ ಸಂತೆಯಲ್ಲಿ ಹಳೆ ಕಬ್ಬಿಣದ ರಾಶಿಯಿಂದ ಒಂದು ಕತ್ತಿ ಆರಿಸಿಕೊಂಡು ಬಂದ. ಕೊಂಬಿನ ಹಿಡಿ ಸೀಳಿತ್ತು, ಮೈಯೆಲ್ಲ ತುಕ್ಕು.

ಕಲ್ಲು ಅಂತ ನಮ್ಮಲ್ಲಿದ್ದದ್ದು ಎರಡೇ. ಒಂದು ಕುಡುಗೋಲು ಮಸೆಯುವ ಒರಟು ಕಲ್ಲು, ಸಂತೆಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು. ಇನ್ನೊಂದು ಹೇಮಾವತಿಯ ದಡದಲ್ಲಿ ಅಪ್ಪ ಹೆಕ್ಕಿದ ನಸುಗಪ್ಪು ಕಲ್ಲು, ಅಂಗೈಯಗಲ, ಮುಟ್ಟಿದರೆ ತಣ್ಣಗೆ ನುಣ್ಣಗೆ. ಒಳ್ಳೆ ಸಾಣೆಕಲ್ಲು ಮೈಸೂರಿನಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಅದರ ಬೆಲೆ ಕೇಳಿದ ಮೇಲೆ ಅಪ್ಪ ಆ ಮಾತನ್ನು ಮತ್ತೆ ಎತ್ತಲಿಲ್ಲ. ಕುಡುಗೋಲು ಮಸೆಯುವುದರಲ್ಲಿ ಅವನನ್ನು ಮೀರಿಸುವವರು ಊರಿನಲ್ಲೇ ಇರಲಿಲ್ಲ. ಆ ಕೈಯಲ್ಲೇ ಕತ್ತಿಯನ್ನೂ ಮಸೆದ: ಓರೆಯಾಗಿ ಎತ್ತಿ ಹಿಡಿದು, ಭಾರ ಹಾಕಿ, ಕಿರ್ರನೆ. ಮೊದಲು ಸಿಕ್ಕಿದ್ದು ಸಿದ್ದನ ಮುಖ, ಅದೂ ಅವನ ಮದುವೆಯ ಹಿಂದಿನ ದಿನ. ಚಪ್ಪರದ ಕೆಳಗೆ ಮಣೆ ಹಾಕಿ ಕೂರಿಸಿ, ಮುಖಕ್ಕೆ ನೀರು ಹಚ್ಚಿ, ಅಪ್ಪ ಮೂರು ಸಲ ಎಳೆಯುವಷ್ಟರಲ್ಲಿ ಕೆನ್ನೆ ಎರಡು ಕಡೆ ಕಿತ್ತುಬಂದು ರಕ್ತ ಕತ್ತಿನವರೆಗೆ ಇಳಿಯಿತು. ಸಿದ್ದ ಮಣೆ ಬಿಟ್ಟು ಎದ್ದ.

"ಬುಡಣ್ಣ, ಸಾಕು. ಇಂಗೇ ತಾಳಿ ಕಟ್ತೀನಿ."

"ಕೂತ್ಕಳ್ಳಾ, ಇನ್ನೊಂದು ದಪ ಮಸೆದ್ಬುಟ್ರೆ ಸರಿಯಾಯ್ತದೆ."

"ಕತ್ತಿ ಸರಿಯಾಯ್ತದೆ. ಆ ವೆಂಕಟಪ್ಪನ ಮುಂದೆ ನಾನು ಯಾಕೆ ಕೂರಬಾರದು ಅನ್ನೋದು ಸರಿಯಾಯ್ತದಾ?"

ಅಪ್ಪ ಕತ್ತಿ ಒರೆಸಿ ಮಡಿಸಿಟ್ಟ. ಗಾಯಕ್ಕೆ ಅರಿಸಿನ ಮೆತ್ತಿಕೊಂಡೇ ಸಿದ್ದ ಮದುವೆಯಾದ. ಹೆಣ್ಣಿನ ಕಡೆಯವರು ಏನೆಂದು ಕೇಳಿದಾಗ ಅವ್ವ, ಎತ್ತಿನ ಕೊಂಬು ತಾಗಿತು ಎಂದಳು. ಮದುವೆಯಾದ ಮೇಲೆ ಸಿದ್ದ ಹೊಳೆನರಸೀಪುರದಲ್ಲೇ ಮನೆ ಮಾಡಿದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಅಪ್ಪ ಅಂದಿನಿಂದ ಕತ್ತಿಯ ಬೆನ್ನು ಬಿಡಲಿಲ್ಲ. ಸೋತದ್ದು ಕತ್ತಿಗೋ, ತಮ್ಮನ ಮಾತಿಗೋ ಅವನಿಗೇ ಗೊತ್ತಿರಲಿಲ್ಲವೆಂದು ಈಗ ನನಗೆ ಅನ್ನಿಸುತ್ತದೆ. ವರ್ಷವೊಂದು ಭಾನುವಾರ ಭಾನುವಾರವೂ ಹಾಗೇ ಕಳೆಯಿತು. ಮಸೆದದ್ದು ಹೆಚ್ಚಾಯಿತೆಂದು ಒಂದು ವಾರ, ಕಡಿಮೆಯಾಯಿತೆಂದು ಇನ್ನೊಂದು ವಾರ. ಮುದ್ದೆ ತಣ್ಣಗಾಗುತ್ತದೆ ಎಂದು ಅವ್ವ ಕರೆದರೆ ಅವಳ ಮೇಲೆ ರೇಗುತ್ತಿದ್ದ. ನಾನು ನಕ್ಕರೂ ಬೈಗುಳ, ಸುಮ್ಮನಿದ್ದರೂ ಬೈಗುಳ. ಹೇಳಿಕೊಡುವವರು ಯಾರೂ ಇರಲಿಲ್ಲ. ಗೊತ್ತಿದ್ದವರನ್ನು ಕೇಳುವ ಹಾಗಿರಲಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ಕಿವಿ ಸೋರುತ್ತಿತ್ತು. ಹಾಸನದ ಆಸ್ಪತ್ರೆಗೆ ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಕಿವಿಗೆ ಔಷಧಿ ಹಾಕಿಸಿಕೊಂಡು ಹೊರಗೆ ಬಂದವನು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕ್ಷೌರದಂಗಡಿಯ ಮುಂದೆ ನಿಂತ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾನು ಕುರ್ಚಿಯಲ್ಲಿ ಕೂತ. ಯಾವೂರು ಎಂದು ಕೇಳಿದವನಿಗೆ ಚನ್ನರಾಯಪಟ್ಟಣದ ಕಡೆಯೆಂದು ಹೇಳಿದ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕನ್ನಡಿಯಲ್ಲಿ ಅವನು ತನ್ನ ಮುಖ ನೋಡಿಕೊಳ್ಳುತ್ತಿರಲಿಲ್ಲ, ಅಂಗಡಿಯವನ ಕೈಯನ್ನೇ ನೋಡುತ್ತಿದ್ದ. ಗೋಡೆಗೆ ನೇತುಹಾಕಿದ ಚರ್ಮದ ಪಟ್ಟಿಯ ಮೇಲೆ ಆತ ಕತ್ತಿಯನ್ನು ಹಿಂದೆ ಮುಂದೆ ಎಳೆದ, ಅಷ್ಟೇ. ಕಲ್ಲು ತೆಗೆಯಲೇ ಇಲ್ಲ. ಅಲ್ಲಿಂದ ಎದ್ದು ನಾಲ್ಕು ಅಂಗಡಿ ದಾಟಿ ಅಪ್ಪ ಇನ್ನೊಂದು ಕ್ಷೌರದಂಗಡಿಗೆ ನುಗ್ಗಿದ.

"ಈಗ್ತಾನೆ ಮಾಡಿಸ್ಕಂಡಂಗೈತಲ್ಲ ಯಜಮಾನ್ರೆ," ಎಂದ ಅಲ್ಲಿದ್ದವನು, ಅಪ್ಪನ ಗಲ್ಲ ಸವರಿ ನೋಡಿ.

"ಸರಿಯಾಗಿಲ್ಲ, ಇನ್ನೊಂದು ಸಾರಿ ಎಳೀರಿ."

"ಇಲ್ಲಿ ಎಳೆಯಾಕೆ ಏನೈತೆ?"

"ಐತೆ ಬುಡಿ, ಎಳೀರಿ."

ಅಲ್ಲೂ ಚರ್ಮದ ಪಟ್ಟಿಯೇ. ಕಲ್ಲೆಲ್ಲಿ ಎಂದು ಅಪ್ಪ ಕೊನೆಗೆ ಕೇಳಿಯೇಬಿಟ್ಟ. ಮನೆಯಲ್ಲಿದೆ, ಅದು ನಿಮಗ್ಯಾಕೆ ಎಂದು ಆತ ಅನುಮಾನದಿಂದ ನೋಡಿದ. ಆತ ಬಟ್ಟೆ ಕೊಡವುವುದಕ್ಕೆ ಹೊರಗೆ ಹೋದಾಗ ಅಪ್ಪ ಕತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಇಟ್ಟ. ಬಸ್ಸಿನಲ್ಲಿ ಮುಖ ಉರಿಯುತ್ತಿದ್ದಿರಬೇಕು, ಕಿಟಕಿಗೆ ಕೆನ್ನೆ ಕೊಟ್ಟುಕೊಂಡು ಕೂತಿದ್ದ. ಎರಡು ಸಲದ ಕ್ಷೌರದಲ್ಲಿ ನಮ್ಮ ಊಟದ ದುಡ್ಡು ಮುಗಿದಿತ್ತು. ನಾನು ಹಸಿವೆಂದು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಒಂದೇ ಮಾತು ಹೇಳಿದ.

"ಕಲ್ಲು ಮಾತ್ರ ತೋರ್ಸಾಕಿಲ್ಲ ಕಣಮ್ಮಿ ಅವ್ರು."

ಮುಂದಿನ ಭಾನುವಾರ ಅವನು ಒರಟು ಕಲ್ಲನ್ನು ಎತ್ತಿ ಅಂಗಳಕ್ಕೆ ಎಸೆದ. ಅವ್ವ ಹೋಗಿ ಎತ್ತಿಕೊಂಡು ಬಂದು, ಮಣ್ಣು ತೊಳೆಯುವುದಕ್ಕೆ ಅದರ ಮೇಲೆ ನೀರು ಹುಯ್ದಳು. ನೀರು ಸುರಿದುಹೋಗದೆ ನಡುವೆ ನಿಂತಿತು. ಅವಳು ಬೆರಳಿನಿಂದ ಆ ನೀರನ್ನು ಒಂದೆರಡು ಸಲ ತಳ್ಳಿ ನೋಡಿದಳು.

"ಗುಂಡಿ ಬಿದ್ದೈತೆ ನಿನ್ ಕಲ್ಲು. ರಾಗಿಕಲ್ಲು ಸವೆದ್ರೆ ನಾವು ಉಳೀಲಿ ಕೊಟ್ಟಿಸಿ ಸಮ ಮಾಡಾಕಿಲ್ವಾ? ಗುಂಡಿಯೊಳಗೆ ತಿಕ್ಕಿದ್ರೆ ಕತ್ತಿ ಅಂಚು ಕಲ್ಲಿಗೆ ಎಲ್ಲಿ ತಾಗ್ತದೆ?"

ಅವಳು ಜಗಲಿಯ ಚಪ್ಪಡಿಯ ಮೇಲೆ ಹೊಳೆಯ ಮರಳು ಹರಡಿ, ನೀರು ಚಿಮುಕಿಸಿ, ಎರಡು ಕಲ್ಲನ್ನೂ ಒಂದೊಂದಾಗಿ ಮಗುಚಿಟ್ಟು ಉಜ್ಜಿದಳು. ಮಧ್ಯಾಹ್ನದವರೆಗೆ ಉಜ್ಜಿದಳು. ಅಪ್ಪ ಮೊದಲು ಗೊಣಗಿದ, ಆಮೇಲೆ ತಾನೂ ಕೂತು ಉಜ್ಜಿದ. ಎರಡೂ ಕಲ್ಲು ಹಲಗೆಯಂತೆ ಸಮವಾದವು. ಆದರೂ ಕತ್ತಿ ಕೂದಲು ಕಡಿಯಲಿಲ್ಲ. ಆಗ ಅಪ್ಪನಿಗೆ ಹಾಸನದಲ್ಲಿ ಕಂಡದ್ದು ನೆನಪಾಯಿತು. ಆ ಕತ್ತಿಯ ಬೆನ್ನಿನ ಎರಡು ಪಕ್ಕಕ್ಕೂ ಉದ್ದಕ್ಕೆ ಒಂದೊಂದು ಹೊಳೆಯುವ ಗೆರೆ ಇತ್ತಂತೆ. ಬಾಯಿ ಹೊಳೆಯುವುದು ಸರಿ, ಬೆನ್ನು ಯಾಕೆ ಹೊಳೆಯಬೇಕು? ನಮ್ಮ ಕತ್ತಿಯ ಬೆನ್ನಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ತುಕ್ಕಿನ ಕೆಳಗೆ ಅಂಥದ್ದೇ ಎರಡು ಗೆರೆ ಸವೆದಿದ್ದವು. ಕತ್ತಿಯನ್ನು ಎತ್ತಿ ಹಿಡಿದಲ್ಲ, ಬೆನ್ನು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ ಮಸೆಯಬೇಕು. ಒಂದು ವರ್ಷ ಅವನು ಮಾಡಿದ್ದೆಲ್ಲ ತಿರುಗುಮುರುಗು. ಅಷ್ಟು ಸಣ್ಣ ವಿಷಯವನ್ನು ಯಾರಾದರೂ ಒಂದು ಮಾತಿನಲ್ಲಿ ಹೇಳಬಹುದಿತ್ತಲ್ಲ ಎಂದು ಅವನಿಗೆ ಬಂದ ಸಿಟ್ಟು ಗೆದ್ದ ಸಂತೋಷಕ್ಕಿಂತ ದೊಡ್ಡದಾಗಿತ್ತು.

ಅಲ್ಲಿಂದ ಕೆಲಸ ಕೈಗೆ ಹತ್ತಿತು. ಒರಟು ಕಲ್ಲಿನ ಮೇಲೆ ಸ್ವಲ್ಪ ಹೊತ್ತು, ಆಮೇಲೆ ಹೊಳೆಯ ಕಲ್ಲು. ಮೊದಲು ಆ ಕಲ್ಲನ್ನು ಅದರದೇ ಚೂರಿನಿಂದ ಉಜ್ಜಿ ತೆಳ್ಳಗೆ ಕೆಸರು ಬರಿಸುತ್ತಿದ್ದ. ಕೆಸರಿನಲ್ಲಿ ಕತ್ತಿಯನ್ನು ಬಾಯಿ ಮುಂದಾಗಿ ತಳ್ಳಿ, ಬೆನ್ನಿನ ಮೇಲೆ ಹೊರಳಿಸಿ, ವಾಪಸು ತರುತ್ತಿದ್ದ. ನಾನು ಚೊಂಬಿನಿಂದ ಹನಿ ಹನಿ ನೀರು ಬಿಡಬೇಕು. ಕೆಸರು ತಿಳಿಯಾಗುತ್ತ ಆಗುತ್ತ ಅವನ ಕೈ ಹಗುರವಾಗುತ್ತಿತ್ತು. ಕೊನೆಗೆ ಬರೀ ನೀರು. ಎತ್ತಿನ ಹಳೆಯ ಕೊರಳಪಟ್ಟಿಯ ಚರ್ಮದ ಮೇಲೆ ನಾಲ್ಕಾರು ಸಲ ಎಳೆದು ಮುಂಗೈಗೆ ಹಿಡಿದರೆ ಕೂದಲು ತಾನಾಗಿ ಉದುರುತ್ತಿತ್ತು. ಕೇರಿಯ ಗಂಡಸರು ಹೊಂಗೆಮರದಡಿ ಮತ್ತೆ ಸಾಲಾಗಿ ಕೂತರು. ಸಿದ್ದ ಮಾತ್ರ ಕೂರಲಿಲ್ಲ. ಪೇಟೆಯಲ್ಲಿ ಗುರುತಿಲ್ಲದ ಕಡೆ ಮಾಡಿಸಿಕೊಂಡು ಬರುತ್ತಿದ್ದ.

ಒಂದು ದಿನ ಅಪ್ಪ ಪಟೇಲರ ಕಣದಲ್ಲಿದ್ದಾಗ, ಅವರ ಜಗಲಿಯಿಂದ ಕ್ಷೌರ ಮುಗಿಸಿ ಬರುತ್ತಿದ್ದ ವೆಂಕಟಪ್ಪ ನಿಂತು ಅಪ್ಪನ ಮುಖವನ್ನೇ ನೋಡಿದರಂತೆ. ಅವರ ಒಂದು ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅದಕ್ಕೇ ಬಹಳ ಹತ್ತಿರ ಬಂದು ನೋಡಿದರು.

"ಯಾರ ಕೈಲಿ ಮಾಡಿಸ್ದೆ ನಂಜ?"

"ನಾನೇ ಮಾಡ್ಕಂಡೆ ವೆಂಕಟಪ್ಪೋರೆ."

"ಕಲ್ಲು ಯಾವುದು?"

"ಹೊಳೇದು."

ಅದಾದ ಹದಿನೈದು ದಿನಕ್ಕೆ, ಹಳ್ಳದಲ್ಲಿ ಅವ್ವ ಬಟ್ಟೆ ಒಗೆಯುತ್ತಿದ್ದಾಗ ವೆಂಕಟಪ್ಪನವರ ಹೆಂಡತಿ ತಾಯಮ್ಮ ಬಂದು, ಮೇಲುಗಡೆಯ ಒಗೆಯುವ ಬಂಡೆಯ ಮೇಲೆ ಒಂದು ಬಟ್ಟೆಯ ಗಂಟಿಟ್ಟು, ಅವ್ವನ ಕಡೆ ನೋಡದೆಯೇ ಮಾತಾಡಿದರು. ಅವರ ಗಂಡನಿಗೆ ಅಂಚು ಕಾಣುವುದಿಲ್ಲ, ಮಸೆದದ್ದು ನಿಲ್ಲುವುದಿಲ್ಲ, ಊರವರು ಉರಿಯೆಂದು ಗೊಣಗುತ್ತಿದ್ದಾರೆ, ನಿನ್ನ ಗಂಡ ಒಂದು ಕೈ ನೋಡಿದರೆ ಆಗುತ್ತಿತ್ತು, ಯಾರಿಗೂ ತಿಳಿಯಬಾರದು. ಗಂಟಿನಲ್ಲಿ ಎರಡು ಕತ್ತಿ, ಒಂದು ಸೇರು ಅವರೆಕಾಳು. ಅಪ್ಪ ಕತ್ತಿ ಬಿಚ್ಚಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅಂಥ ಉಕ್ಕನ್ನು ಅವನು ಮುಟ್ಟಿರಲಿಲ್ಲ. ಆ ಭಾನುವಾರ ಬಂದ ಸಿದ್ದ ಕತ್ತಿ ಕಂಡು ಕೆಂಡವಾದ.

"ಅವ್ರ ಕತ್ತಿ ನಮ್ಮ ಕೆನ್ನೆಗೆ ಬರಾಕಿಲ್ಲ. ನಿನ್ನ ಕೈಗೆ ಮಾತ್ರ ಬತ್ತದಾ? ಅಂಗೇ ವಾಪಸ್ ಕೊಡು. ನನ್ನೂ ಊರ ಕಟ್ಟೆ ಮ್ಯಾಲೆ ಕೂರಿಸ್ಕಂಡು ಕ್ಷೌರ ಮಾಡಿದ್ರೆ ಮಸೀತೀನಿ ಅನ್ನು."

"ಅವ್ರ ಕೈಲಿ ಏನೈತ್ಲಾ? ಊರು ಬುಟ್ಟೀತಾ?"

ಅಪ್ಪ ಮಸೆದುಕೊಟ್ಟ. ಹದಿನೈದು ದಿನಕ್ಕೊಮ್ಮೆ ಗಂಟು ಬಂಡೆಗೆ ಬರುವುದು, ಬಂಡೆಯಿಂದ ಹೋಗುವುದು ನಡೆಯಿತು. ಪಟೇಲರಿಂದ ಹಿಡಿದು ಊರಿನ ಗಂಡಸರೆಲ್ಲ ನಮ್ಮ ಜಗಲಿಯಲ್ಲಿ ಮಸೆದ ಕತ್ತಿಗೆ ಮುಖ ಕೊಡುತ್ತಿದ್ದರು. ಅವ್ವ ಅದನ್ನು ನೆನೆದು ಒಲೆಯ ಮುಂದೆ ಒಬ್ಬಳೇ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನೀರು ಬಿಡುತ್ತಿದ್ದವಳು ನಾನು. ಅಪ್ಪನ ಕಷ್ಟ ನೋಡಿದವಳು ನಾನು. ಇದನ್ನು ಒಬ್ಬರಾದರೂ ಹೊಗಳಬೇಕು ಎಂದು ಒಳಗೇ ಕುದಿಯುತ್ತಿದ್ದೆ.

ಹತ್ತು ವರ್ಷವಾಗಿದ್ದಾಗ ಅದು ಉಕ್ಕಿತು. ಶಾಲೆಯಲ್ಲಿ ನಾನು ಬಾಗಿಲ ಪಕ್ಕ ಕೂರುತ್ತಿದ್ದೆ. ಪಟೇಲರ ಮಗಳು ಸುಶೀಲ ಬಿಡುವಿನಲ್ಲಿ ಬಾಗಿಲ ಹತ್ತಿರ ಬಂದು ನನ್ನೊಡನೆ ಮಾತಾಡುತ್ತಿದ್ದಳು, ಒಳ್ಳೆಯ ಹುಡುಗಿಯೇ. ಅಂದು ಏನೋ ಮಾತಿಗೆ, ವೆಂಕಟಪ್ಪನ ಕೈಯೆಂದರೆ ಬೆಣ್ಣೆ ಸವರಿದ ಹಾಗೆ ಎಂದು ತನ್ನ ಅಪ್ಪ ಹೇಳುತ್ತಾರೆಂದಳು.

"ಕೈ ಅವ್ರದು. ಕತ್ತಿ ಮಸೆಯೋದು ನಮ್ಮಪ್ಪ," ಎಂದೆ.

ಮಾರನೆಯ ಬೆಳಿಗ್ಗೆ ಪಟೇಲರ ಆಳು ಬಂದು ಅಪ್ಪನನ್ನೂ ನನ್ನನ್ನೂ ಕರೆದ. ಪಟೇಲರು ಜಗಲಿಯ ಮೇಲೆ ಕೂತಿದ್ದರು, ವೆಂಕಟಪ್ಪ ಕಂಬದ ಪಕ್ಕ ನಿಂತಿದ್ದರು, ನಾವು ಅಂಗಳದಲ್ಲಿ. ಊರಿನ ನಾಲ್ಕೈದು ಜನ ಇದ್ದರು. ಪಟೇಲರು ಗದರಲಿಲ್ಲ, ಅವರ ಮಾತು ಯಾವಾಗಲೂ ಮೆಲ್ಲಗೆ.

"ಏನ್ಲಾ ನಂಜ, ನಿನ್ ಮಗಳು ಇಂಗಿಂಗಂದ್ಲಂತೆ. ದಿಟವಾ?"

ಅಪ್ಪ ಬಾಯಿ ಬಿಡುವ ಮೊದಲೇ ವೆಂಕಟಪ್ಪ ಮುಂದೆ ಬಂದರು.

"ಎಲ್ಲಾದ್ರೂ ಉಂಟಾ ಬುದ್ಧಿ. ನನ್ ಕತ್ತಿ ನಾನೇ ಮಸೀತೀನಿ."

ಅಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ.

"ಇಲ್ಲ ಬುದ್ಧಿ. ನಾನು ಮಸೆದಿಲ್ಲ. ಮಗು ಏನೋ ತಿಳೀದೆ ಅಂದದೆ."

"ಸುಳ್ಳಲ್ಲ, ನಾನೇ ನೀರು ಬುಡ್ತೀನಿ," ಎಂದೆ. ಅಪ್ಪನ ಕೈ ನನ್ನ ಹೆಗಲನ್ನು ಒತ್ತಿತು. ಕುಡುಗೋಲು ಹಿಡಿಯುವ ಕೈ ಅದು, ನೋವಾಯಿತು. ತಪ್ಪಾಯಿತು ಅನ್ನು ಎಂದ. ನಾನು ಅನ್ನಲಿಲ್ಲ. ಇನ್ನೊಂದು ಸಲ ಹೇಳಿದ. ಅಂದೆ. ಎಳೆ ಮಕ್ಕಳು ಸುಳ್ಳು ಕಲಿಯಬಾರದೆಂದು ಪಟೇಲರು ನನಗೆ ಬುದ್ಧಿ ಹೇಳಿ ಕಳಿಸಿದರು. ಅವರಿಗೂ ಬೇಕಾಗಿದ್ದದ್ದು ಆ ಉತ್ತರವೇ. ಅಪ್ಪ ಹೌದೆಂದಿದ್ದರೆ ಅವರು ತಮ್ಮ ಕೆನ್ನೆಯನ್ನು ಏನು ಮಾಡಿಕೊಳ್ಳಬೇಕಿತ್ತು? ಶಾಲೆಯಲ್ಲಿ ಅಂದಿನಿಂದ ನನ್ನ ಹೆಸರು ಸುಳ್ಳಿ. ಸುಶೀಲ ಬಾಗಿಲ ಹತ್ತಿರ ಬರುವುದನ್ನು ನಿಲ್ಲಿಸಿದಳು.

ಮನೆಯಲ್ಲಿ ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನಾನು ಅವನೊಡನೆ ಮಾತು ಬಿಟ್ಟೆ, ಅವನು ಮುದ್ದೆ ಮುರಿಯುವಾಗ ಎದ್ದು ಹೋಗುತ್ತಿದ್ದೆ. ಸುದ್ದಿ ಕೇಳಿ ಬಂದ ಸಿದ್ದನಿಗೆ ಅವನು ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ.

"ಅವ್ರ ಮನೇಲಿ ಐದು ಮಕ್ಕಳವೆ. ಊರು ಆಯ ನಿಲ್ಲಿಸಿದ್ರೆ ಏನ್ ತಿಂತವೆ?"

"ನಿನಗಿರೋದು ಒಂದು. ಅದು ಸುಳ್ಳಿ ಆಯ್ತಲ್ಲ."

ಅಪ್ಪ ಎದ್ದು ಚೊಂಬಿನ ನೀರು ಅಂಗಳಕ್ಕೆ ಚೆಲ್ಲಿ ಒಳಗೆ ಬಂದ.

ತಿಂಗಳು ಕಳೆದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ, ಗಂಟು ಮತ್ತೆ ಬಂಡೆಯ ಮೇಲೆ ಬಂತು. ಅವ್ವ ತಂದು ಜಗಲಿಯ ಮೇಲಿಟ್ಟಳು. ಅಪ್ಪ ಕತ್ತಿ ಬಿಚ್ಚಿ, ಹೆಬ್ಬೆರಳಿಗೆ ತಾಗಿಸಿ ನೋಡಿ, ನನ್ನನ್ನು ಕರೆದ. ಅಷ್ಟು ದಿನದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಮಾತು ಅದು.

"ಮಸೆಯಾನಾ, ಬ್ಯಾಡವಾ? ನೀನೇ ಹೇಳು."

"ಬ್ಯಾಡ," ಎಂದೆ.

ಅವನು ಮತ್ತೆ ಕೇಳಲಿಲ್ಲ. ಕತ್ತಿಗಳನ್ನು ಹಾಗೇ ಸುತ್ತಿ ಅವ್ವನ ಕೈಗೆ ಕೊಟ್ಟ. ಅವ್ವ ನನ್ನ ಮುಖವನ್ನು ಒಮ್ಮೆ ನೋಡಿ ಹಳ್ಳಕ್ಕೆ ಹೋದಳು. ಗೆದ್ದೆನೆಂದುಕೊಂಡು ಅಂದು ಅಪ್ಪನ ಪಕ್ಕ ಕೂತು ಊಟ ಮಾಡಿದೆ. ಮೂರು ನಾಲ್ಕು ತಿಂಗಳಲ್ಲಿ ವೆಂಕಟಪ್ಪನವರ ಕೈಯ ಬೆಣ್ಣೆ ಕರಗಿತು. ಗದ್ದೆಯಲ್ಲಿ, ಕಣದಲ್ಲಿ ಊರವರು ಉರಿಯುವ ಕೆನ್ನೆ ಉಜ್ಜಿಕೊಳ್ಳುತ್ತ ಮುದುಕನಾದ ಎಂದು ಗೊಣಗುವುದನ್ನು ಅಪ್ಪ ಕೇಳಿಸಿಕೊಂಡು ಬರುತ್ತಿದ್ದ. ಮನೆಯಲ್ಲಿ ಹೇಳುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಒಂದು ಸಲ ಬಾಯಿ ಬಿಟ್ಟು, ಈಗ ಮಸೆದುಕೊಡು ಎಂದೆ. ಗಂಟು ಬರಲಿ, ಕೊಡುತ್ತೇನೆ ಎಂದ. ಗಂಟು ಬರಲಿಲ್ಲ. ವೆಂಕಟಪ್ಪನವರ ಮನೆಗೆ ನಾವಾಗಿ ಹೋಗಿ ಕೇಳುವ ಹಾಗಿರಲಿಲ್ಲ. ದೀಪಾವಳಿಯ ಹಿಂದಿನ ದಿನ ಪಟೇಲರ ಅಳಿಯನ ಕಿವಿಯ ಕೆಳಗೆ ಕತ್ತಿ ಜಾರಿತು. ಆ ಸುಗ್ಗಿಗೆ ಆಯ ನಿಂತಿತು, ಬೇರೆ ಊರಿನಿಂದ ಒಬ್ಬ ಹುಡುಗನನ್ನು ಕರೆಸಿದರು. ಐದು ಮಕ್ಕಳನ್ನು ಕಟ್ಟಿಕೊಂಡು ವೆಂಕಟಪ್ಪ ಶ್ರವಣಬೆಳಗೊಳದ ಹತ್ತಿರ ಹೆಂಡತಿಯ ಊರಿಗೆ ಹೊರಟರು. ಅಪ್ಪ ಸುಳ್ಳು ಹೇಳಿ ಉಳಿಸಿಕೊಟ್ಟದ್ದನ್ನು ನಾನು ಒಂದು ಮಾತಿನಲ್ಲಿ ಕಳೆದಿದ್ದೆ. ನಾನು ಹೇಳಿದ್ದು ಎರಡು ಸಲವೂ ತಪ್ಪಲ್ಲವೆಂದು ಇವತ್ತಿಗೂ ವಾದಿಸುತ್ತೇನೆ. ವಾದದಲ್ಲಿ ಗೆಲ್ಲುತ್ತೇನೆ, ಒಳಗೆ ಮಾತ್ರ ಯಾವುದೂ ಇತ್ಯರ್ಥವಾಗುವುದಿಲ್ಲ. ಅಪ್ಪ ಸಾಯುವ ತನಕ ಆ ಮಾತೆತ್ತಲಿಲ್ಲ. ಒಂದು ಸಲ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವರ ಗಾಡಿ ಹೊರಟ ಬೆಳಿಗ್ಗೆ ನಾನು ಮನೆಯೊಳಗೇ ಇದ್ದೆ. ಅವ್ವ ಕಣದ ಹತ್ತಿರ ಪಟೇಲರ ರಾಗಿ ತೂರುತ್ತಿದ್ದಳು. ಗಾಡಿಯ ಹಿಂದೆ ನಡೆದು ಬರುತ್ತಿದ್ದ ತಾಯಮ್ಮ ಅವಳ ಹತ್ತಿರ ಬಂದಾಗ ಸೆರಗು ಸರಿಮಾಡಿಕೊಳ್ಳುವ ಹಾಗೆ ನಿಂತರಂತೆ. ಸಂಜೆ ಅವ್ವ ಬಂದು, ಕೈಕಾಲು ತೊಳೆದು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

"ತಾಯಮ್ಮೋರು ಅಂದ್ರು, ನಿನ್ ಮಗಳು ಸುಳ್ಳು ಹೇಳಿರಲಿಲ್ಲ ಕಣೆ, ಅಂತ."

"ಅಲ್ಲಿ ಪಟೇಲ್ರು ಇದ್ರಾ?"

"ಇದ್ರು. ಜಗಲಿ ಮ್ಯಾಲೆ ಕೂತಿದ್ರು."

"ಗಟ್ಟಿಯಾಗಿ ಅಂದ್ರಾ?"

ಅವ್ವ ತಲೆ ಅಲ್ಲಾಡಿಸಿದಳು.

"ಇಲ್ಲ ಕಣಮ್ಮಿ. ನನಗೆ ಮಾತ್ರ ಕೇಳೋ ಅಂಗೆ."